ಟೈಬೀರಿಯಸ್ಸನ ಮರಿ

ಮನುಷ್ಯರನ್ನು ಎದುರಿನಿಂದ ನೋಡಿದರೆ ನನಗೆ ಬೇಗ ಗುರುತು ಹತ್ತುವುದಿಲ್ಲ. ಪಕ್ಕಕ್ಕೆ ತಿರುಗಿ ನಿಂತರೆ ಸಾಕು, ಹೆಸರು, ವಂಶ, ಗದ್ದುಗೆ ಏರಿದ್ದು, ಇಳಿದಿದ್ದು ಎಲ್ಲವನ್ನೂ ಹೇಳಿಬಿಡುತ್ತೇನೆ. ರೋಮನ್ ನಾಣ್ಯಗಳ ಹುಚ್ಚು ಹಿಡಿದವರಿಗೆಲ್ಲ ಅಂಟುವ ಕಾಯಿಲೆ ಇದು. ಆ ಚಕ್ರವರ್ತಿಗಳು ನಮ್ಮ ಕಡೆ ನೇರವಾಗಿ ನೋಡುವುದು ಬಹಳ ಅಪರೂಪ. ಹೆಂಡತಿಯ ಮೇಲೆ ಮುನಿಸಿಕೊಂಡವರ ಹಾಗೆ ಮುಖ ಒಂದು ಕಡೆ ತಿರುಗಿಸಿಕೊಂಡು ಎರಡು ಸಾವಿರ ವರ್ಷದಿಂದ ಕೂತಿದ್ದಾರೆ. ಅಕ್ಷರ ಸವೆದುಹೋಗಿರುತ್ತದೆ. ಮೂಗು, ಗದ್ದ, ಕತ್ತಿನ ಮಡಿಕೆ ಇಷ್ಟನ್ನು ನೋಡಿಯೇ ಇವನು ಇಂಥವನು ಎನ್ನಬೇಕು.

ಮೊನ್ನೆ ಪಾವಗಡದ ಬಸ್ಸಿನಲ್ಲಿ ಕಂಡಕ್ಟರು ಬಾಗಿಲಿನಿಂದ ತಲೆ ಆಚೆ ಹಾಕಿ ರೈಟ್ ಹೇಳಿದ. ಅದೇ ಬೋಳು ನೆತ್ತಿ, ಅದೇ ಕೊಕ್ಕೆ ಮೂಗು, ಅದೇ ಮುಂದೆ ಚಾಚಿದ ಗದ್ದ. ಸಾಕ್ಷಾತ್ ವೆಸ್ಪಾಸಿಯನ್! ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ.

"ಏಮಯ್ಯಾ, ಟಿಕೆಟ್ ತಗಳ್ದೆ ನನ್ ಮೊಕ ಏನ್ ಅಂಗೆ ನೋಡ್ತೀಯ?" ಎಂದ ಚಕ್ರವರ್ತಿ.

"ನಿಮ್ಮ ಗದ್ದ ಬಹಳ ಚೆನ್ನಾಗಿದೆ," ಎಂದೆ. ಆಮೇಲೆ ಮಧುಗಿರಿ ಬರುವ ತನಕ ಆತ ನನ್ನ ಸೀಟಿನ ಕಡೆ ಸುಳಿಯಲಿಲ್ಲ.

ಹೆಣ್ಣು ನೋಡಲು ಹೋದಾಗಲೂ ಇದೇ ಕಥೆ. ಸ್ವಲ್ಪ ಆ ಕಡೆ ತಿರುಗಲು ಹೇಳಿ ಎಂದೆ. ಹುಡುಗಿಗೆ ಒಂದು ಕಿವಿ ಕೇಳಿಸುವುದಿಲ್ಲವೆಂದು ಯಾರೋ ಚಾಡಿ ಹೇಳಿದ್ದಾರೆ ಎಂದುಕೊಂಡು ಅವರ ಮನೆಯವರು ಎರಡೂ ಕಿವಿಗೆ ಪಿಸುಗುಟ್ಟಿ ಪರೀಕ್ಷೆ ಮಾಡಿ ತೋರಿಸಿದರು. ಆ ಪುಣ್ಯಾತ್ಗಿತ್ತಿ ಎಲ್ಲವನ್ನೂ ಸಹಿಸಿಕೊಂಡು ನನ್ನನ್ನು ಮದುವೆಯಾದಳು. ಅವಳ ಮೂಗು ಯಾವ ಮಹಾರಾಣಿಯದು ಎಂದು ಇಲ್ಲಿ ಬರೆದರೆ ನನಗೆ ಊಟ ಸಿಗುವುದಿಲ್ಲ.

ಅಂದ ಹಾಗೆ ನಾನು ಇತಿಹಾಸದ ಮೇಷ್ಟ್ರಲ್ಲ. ಪಶುಪಾಲನಾ ಇಲಾಖೆಯಲ್ಲಿ ಕುರಿ, ಮೇಕೆ, ದನಗಳಿಗೆ ಲಸಿಕೆ ಹಾಕುವ, ಜಂತಿನ ಔಷಧಿ ಕುಡಿಸುವ ಕೆಲಸ. ಡಾಕ್ಟರೂ ಅಲ್ಲ, ಆದರೆ ಕೊಳಾಲದಿಂದ ತಾವರೆಕೆರೆಯವರೆಗೆ ಹಳ್ಳಿಯವರೆಲ್ಲ ನನ್ನನ್ನು ಡಾಕ್ಟ್ರೇ ಎಂದೇ ಕರೆಯುತ್ತಾರೆ. ತಿದ್ದಲು ಹೋದರೆ ಅವರಿಗೆ ಬೇಜಾರಾಗುತ್ತದೆ ಎಂದು ಸುಮ್ಮನಿದ್ದೇನೆ. ನಿಜ ಹೇಳಬೇಕೆಂದರೆ ಬೇಜಾರಾಗುವುದು ನನಗೇ.

ಈ ಹುಚ್ಚಿಗೆ ಮೂಲ ನನ್ನ ಅಜ್ಜಿ, ಅವ್ವನ ಅವ್ವ. ಕೊಳಾಲದ ಹತ್ತಿರದ ಹಳ್ಳಿಯಲ್ಲಿ ಅವಳ ಮನೆ. ಹುರುಳಿ ಬೇಯುವ ವಾಸನೆ, ಕಂಬಳಿ ವಾಸನೆ, ಅದರ ನಡುವೆ ಅಜ್ಜಿ. ಅವಳ ಕೊರಳಲ್ಲಿ ಕರಿ ದಾರಕ್ಕೆ ಪೋಣಿಸಿದ ಒಂದೇ ಒಂದು ಕಾಸು. ಮೇಲೆ ಕೊಂಡಿ ಬೆಸೆದಿತ್ತು. ಒಂದು ಕಡೆ ಎಲೆಯ ಕಿರೀಟ ಕಟ್ಟಿಕೊಂಡ ಗಂಡಸು, ಇನ್ನೊಂದು ಕಡೆ ಕುರ್ಚಿಯ ಮೇಲೆ ಕೂತ ಹೆಂಗಸು. ಸುತ್ತ ಇರುವೆ ಸಾಲಿನಂಥ ಅಕ್ಷರ. ಮಡಿಲಲ್ಲಿ ಮಲಗಿದರೆ ಆ ಕಾಸು ಬಂದು ನನ್ನ ಮೂಗಿನ ಮೇಲೆ ಕೂರುತ್ತಿತ್ತು. ಯಾವಾಗಲೂ ಬೆಚ್ಚಗಿರುತ್ತಿತ್ತು.

"ಇದ್ಯಾರಜ್ಜಿ?" ಎಂದರೆ, "ನಿಮ್ ತಾತನ್ ತಾತ ಕಣ್ಲಾ," ಎನ್ನುತ್ತಿದ್ದಳು.

"ತಲೆಗೇನು ಕಟ್ಕಂಡವ್ನೆ?"

"ಬೇವಿನ ಸೊಪ್ಪು. ಅಮ್ಮ ಆಗಿತ್ತು ಆವಯ್ಯಂಗೆ."

ನಾನು ನಂಬಿದ್ದೆ. ಎಷ್ಟು ನಂಬಿದ್ದೆ ಎಂದರೆ, ಹೈಸ್ಕೂಲಿನಲ್ಲಿ ಸಮಾಜದ ಮೇಷ್ಟ್ರು ಪುಸ್ತಕದಲ್ಲಿದ್ದ ರೋಮನ್ ನಾಣ್ಯದ ಚಿತ್ರ ತೋರಿಸಿದಾಗ ಎದ್ದು ನಿಂತು, "ಸಾರ್, ಇದು ನಮ್ ತಾತ," ಎಂದುಬಿಟ್ಟೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ನಗಲಿಲ್ಲ. ಅದು ಟೈಬೀರಿಯಸ್ ಎಂಬ ಚಕ್ರವರ್ತಿಯೆಂದೂ, ಮೆಣಸು, ಮುತ್ತು, ಹತ್ತಿಬಟ್ಟೆ ಕೊಳ್ಳಲು ಬಂದ ಹಡಗುಗಳ ಜೊತೆ ಅವನ ಬೆಳ್ಳಿ ನಮ್ಮ ದೇಶಕ್ಕೆಲ್ಲ ಹರಿದು ಬಂತೆಂದೂ, ಪಕ್ಕದ ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲೂ ಅಂಥವು ಸಿಕ್ಕಿವೆಯೆಂದೂ ಹೇಳಿದರು. ಅವತ್ತು ತಾತ ಹೋಗಿ ಚಕ್ರವರ್ತಿ ಬಂದ. ನನಗೇನೂ ನಷ್ಟವೆನಿಸಲಿಲ್ಲ.

ಅಜ್ಜಿ ಹೋದ ಮೇಲೆ ಕಾಸು ನನಗೆ ಬಂತು. ಒಂದಿದ್ದರೆ ಇನ್ನೊಂದು ಬೇಡವೇ? ಸಂಬಳ ಬರತೊಡಗಿದ ಮೇಲೆ ಸವೆದದ್ದು, ಮೂಲೆ ಮುರಿದದ್ದು, ಬೇರೆ ಸಂಗ್ರಾಹಕರು ಬೇಡವೆಂದು ಬಿಟ್ಟದ್ದು ಹೀಗೆ ಒಂದೊಂದಾಗಿ ಕೂಡಿಸಿದೆ. ಮೋಸ ಹೋದದ್ದೂ ಉಂಟು. ಶಿರಾ ಸಂತೆಯಲ್ಲಿ ಬೀಗ, ಗಡಿಯಾರ ಮಾರುವ ಸಾಹೇಬರೊಬ್ಬರು, "ಅಸಲಿ ಮಾಲ್ ಭಾಯ್, ಖುದಾ ಕಸಂ," ಎಂದು ಒಬ್ಬ ಚಕ್ರವರ್ತಿಯನ್ನು ನನ್ನ ಕೈಗಿತ್ತರು. ಮನೆಗೆ ಬಂದು ಲೆನ್ಸ್ ಹಿಡಿದರೆ ಚಕ್ರವರ್ತಿಗೆ ಪೊಗದಸ್ತಾದ ಹುರಿಮೀಸೆ! ಅಲ್ಲಿಂದ ಮುಂದೆ ಪ್ರತಿ ನಾಣ್ಯವನ್ನೂ ತೂಗುತ್ತೇನೆ, ಕಲ್ಲಿನ ಮೇಲೆ ಬೀಳಿಸಿ ನಾದ ಕೇಳುತ್ತೇನೆ, ಅಂಚು ಅಳೆಯುತ್ತೇನೆ. ಅಜ್ಜಿಯದೊಂದನ್ನು ಬಿಟ್ಟು. ಅಜ್ಜಿಯನ್ನು ಯಾರಾದರೂ ತಕ್ಕಡಿಗೆ ಹಾಕುತ್ತಾರೆಯೇ?

ಹೀಗಿರುವಾಗ ತುಮಕೂರಿನ ನಾಣ್ಯಪ್ರಿಯರ ಬಳಗದವರು ಒಂದು ಪ್ರದರ್ಶನ ಏರ್ಪಡಿಸಿದರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಾನು ಅಜ್ಜಿಯ ಕಾಸಿನ ಬಗ್ಗೆ ಕೊಚ್ಚಿಕೊಂಡಿದ್ದು ಕಡಿಮೆಯೇನಲ್ಲ. ಚಕ್ರವರ್ತಿಯ ಕತ್ತಿನ ಹತ್ತಿರ ಎರಡು ಪುಟ್ಟ ಗುಳಿಗಳಿದ್ದವು. ಹಳೆಯ ಕಾಲದ ಚಿನಿವಾರರು ಬೆಳ್ಳಿ ಅಸಲಿಯೋ ಎಂದು ಪರೀಕ್ಷಿಸಲು ನಾಣ್ಯಕ್ಕೆ ಉಳಿಯಿಂದ ಗುರುತು ಹೊಡೆಯುತ್ತಿದ್ದರು ಎಂದು ಓದಿದ್ದೆನಲ್ಲ, ಆ ಎರಡು ಗುಳಿಗಳ ಮೇಲೆಯೇ ಬಳಗದ ಪತ್ರಿಕೆಗೆ ನಾಲ್ಕು ಪುಟದ ಲೇಖನ ಬರೆದಿದ್ದೆ. ಹೊಡೆದವನು ಎಡಗೈಯವನಿರಬೇಕು ಎಂಬ ಊಹೆಯೂ ಅದರಲ್ಲಿತ್ತು. ಅಧ್ಯಕ್ಷರು ಮೆಚ್ಚಿ ಆಹ್ವಾನ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದರು: 'ವಿಶೇಷ ಆಕರ್ಷಣೆ, ಕೊರಟಗೆರೆ ತಾಲ್ಲೂಕಿನ ಮನೆಯೊಂದರಲ್ಲಿ ತಲತಲಾಂತರದಿಂದ ಉಳಿದುಬಂದ ಅಪ್ಪಟ ರೋಮನ್ ಬೆಳ್ಳಿ ನಾಣ್ಯ.' ಕೆಳಗೆ ನನ್ನ ಹೆಸರು. ಜೀವಮಾನದಲ್ಲಿ ನನ್ನ ಹೆಸರು ದಪ್ಪ ಅಕ್ಷರದಲ್ಲಿ ಬಂದದ್ದು ಅದೇ ಮೊದಲು. ಆ ಕಾಗದವನ್ನು ಎಷ್ಟು ಜನಕ್ಕೆ ತೋರಿಸಿದೆ ಎಂದರೆ ಮಡಿಕೆಯ ಜಾಗದಲ್ಲಿ ಹರಿದೇಹೋಯಿತು.

ಪ್ರದರ್ಶನ ಭಾನುವಾರ. ಶುಕ್ರವಾರ ಕಳ್ಳಂಬೆಳ್ಳದ ಕಡೆ ಕುರಿಗಳಿಗೆ ಲಸಿಕೆ ಹಾಕುವ ಕೆಲಸ ಬಿತ್ತು. ನಾಣ್ಯಗಳ ಆಲ್ಬಮ್ಮನ್ನು ಮನೆಯಲ್ಲಿ ಬಿಟ್ಟುಹೋಗಲು ಮನಸ್ಸಾಗದೆ ಬ್ಯಾಗಿಗೆ ಹಾಕಿಕೊಂಡೆ. ಅಜ್ಜಿಯ ಕಾಸು ಜೇಬಿನಲ್ಲಿ, ಕುಂಕುಮದ ಡಬ್ಬಿಯೊಳಗೆ.

ಕೊನೆಯ ಕುರಿರೊಪ್ಪ ಜುಂಜಮ್ಮನದು. ಅರವತ್ತು ದಾಟಿದ ಹೆಂಗಸು, ಮುನ್ನೂರು ಕುರಿಗಳ ಒಡತಿ. ಮರಿಗಳ ಲಸಿಕೆ ಮುಗಿಯುವ ಹೊತ್ತಿಗೆ ಮೇಯಲು ಹೋದ ತಾಯಿ ಕುರಿಗಳು ವಾಪಸು ಬಂದವು. ಆಗ ನಡೆಯುವುದನ್ನು ನೀವು ನೋಡಬೇಕು. ಕೂಡಿಹಾಕಿದ್ದ ಮರಿಗಳನ್ನು ಜುಂಜಮ್ಮ ಒಂದೊಂದಾಗಿ ಎತ್ತಿ, ಆ ಗದ್ದಲದಲ್ಲಿ ಅದರದರ ತಾಯಿಯ ಕೆಳಗೇ ಬಿಡುತ್ತಾಳೆ. ಹತ್ತಿಪ್ಪತ್ತಲ್ಲ, ಎಂಬತ್ತು ಮರಿ. ಒಂದೂ ತಪ್ಪುವುದಿಲ್ಲ.

"ಹೆಂಗವ್ವಾ ಗೊತ್ತಾಗ್ತದೆ?" ಎಂದು ಕೇಳಿದೆ.

"ಮೊಕ ನೋಡಿದ್ರೆ ಗೊತ್ತಾಗಲ್ವಾ? ಅವ್ವನ್ ಮೂತಿ ಮರೀಗ್ ಬಂದೇ ಬತ್ತದೆ."

ಮೊಕ ಎಂದದ್ದೇ ತಡ, ನನ್ನ ಕಾಯಿಲೆ ಕೆರಳಿತು. ಅಲ್ಲೇ ಕಲ್ಲುಚಪ್ಪಡಿಯ ಮೇಲೆ ಆಲ್ಬಮ್ ಬಿಚ್ಚಿ ಕೂತೆ. "ಇವರನ್ನು ಜೋಡಿ ಮಾಡು ನೋಡೋಣ."

ಜುಂಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಪುಟ ತಿರುವಿದಳು. ರೋಮನ್ ಸಾಮ್ರಾಜ್ಯದ ಹೆಸರನ್ನೇ ಕೇಳದ ಹೆಂಗಸು ವೆಸ್ಪಾಸಿಯನ್ನನ ಮೇಲೆ ಬೆರಳಿಟ್ಟು, ಎರಡು ಸಾಲು ದಾಟಿ ಟೈಟಸ್ಸನ ಮೇಲೆ ಇನ್ನೊಂದು ಬೆರಳಿಟ್ಟಳು. "ಈ ದಪ್ ಕತ್ತಿನೋನು ಈ ಬೋಳಪ್ಪನ್ ಮಗ. ಗದ್ದ ನೋಡಿ ಹೆಂಗೈತೆ!"

ನಾನು ಕೂತಲ್ಲೇ ಕುಣಿದೆ. ನಿಜವಾಗಿ ಮಗನೇ! ಮುಂದಿನ ಪುಟಕ್ಕೆ ಹೋಗಿ ನರ್ವಾ ಮತ್ತು ಟ್ರಾಜನ್ ಇಬ್ಬರನ್ನೂ ತೋರಿಸಿದೆ. "ಇವರು ಅಪ್ಪ ಮಗ ಅಲ್ಲವಾ?"

"ಯಾರಂದೋರು? ಈ ಉದ್ ಮೂಗಿನೋನ್ಗೆ ಇವ್ನು ಹುಟ್ಟಿಲ್ಲ ಬುಡಿ."

"ಪುಸ್ತಕದಲ್ಲಿ ಮಗ ಅಂತಿದೆಯಲ್ಲವ್ವಾ. ದತ್ತು ಮಗ."

"ಮತ್ತೆ! ತಬ್ಬಲಿ ಮರಿ ತಂದು ಬ್ಯಾರೆ ತಾಯಿಗ್ ಬುಟ್ಟವ್ರೆ. ಹಾಲು ಕುಡೀತದೆ, ಮೊಕ ಬದಲಾಯ್ತದಾ?"

ಯಾವ ವಿಶ್ವವಿದ್ಯಾಲಯದವರು ನನಗೆ ಇಷ್ಟು ಸಂತೋಷ ಕೊಟ್ಟಿದ್ದರು? ಹುಚ್ಚು ನೆತ್ತಿಗೇರಿ ಕುಂಕುಮದ ಡಬ್ಬಿ ತೆಗೆದು ಅಜ್ಜಿಯ ಕಾಸನ್ನು ಅವಳ ಅಂಗೈ ಮೇಲಿಟ್ಟೆ. ಇದರ ವಂಶ ಹೇಳು ಎಂದೆ.

ಜುಂಜಮ್ಮ ಒಂದು ಗಳಿಗೆ ನೋಡಿದಳು. ಆಮೇಲೆ ನಗತೊಡಗಿದಳು. ನಗುತ್ತಲೇ ಕೊರಳಿಗೆ ಕೈ ಹಾಕಿ, ರವಿಕೆಯೊಳಗಿದ್ದ ಕರಿ ದಾರ ಎಳೆದಳು. ತುದಿಯಲ್ಲಿ ಒಂದು ಕಾಸು. ಎಲೆಯ ಕಿರೀಟ, ಅದೇ ಮೂಗು, ಅದೇ ಮುನಿಸು.

"ಈವಯ್ಯ ನಮ್ಮನೇಲೂ ಅವ್ನೆ ಕಣ್ ಡಾಕ್ಟ್ರೇ!"

ಒಬ್ಬನೇ ಚಕ್ರವರ್ತಿಯ ಎರಡು ನಾಣ್ಯ ಇರಬಾರದೆಂದೇನೂ ಇಲ್ಲ, ಲಕ್ಷಾಂತರ ಹೊಡೆದಿರುತ್ತಾರೆ. ಆದರೆ ಜುಂಜಮ್ಮ ಎರಡನ್ನೂ ಪಕ್ಕಪಕ್ಕ ಇಟ್ಟು ಉಗುರಿನಿಂದ ತೋರಿಸಿದಳು. ಅವಳ ಕಾಸಿನ ಚಕ್ರವರ್ತಿಯ ಕೆನ್ನೆಯ ಮೇಲೆ ಕಿವಿಯಿಂದ ಬಾಯಿವರೆಗೆ ಓರೆಯಾಗಿ ಒಂದು ಗೀರು. ನನ್ನದರಲ್ಲೂ ಅದೇ ಜಾಗದಲ್ಲಿ, ಅಷ್ಟೇ ಉದ್ದ, ಅದೇ ಓರೆ. ಅಂಚಿನಲ್ಲಿ ಅವಳದಕ್ಕೆ ಒಂದು ಸೀಳು. ನನ್ನದಕ್ಕೂ ಸೀಳು.

"ಎರಡು ಕುರೀಗೆ ಒಂದೇ ಜಾಗದಾಗೆ ಮುಳ್ಳು ಗೀರ್ತದಾ?" ಎಂದಳು. "ನಂದು ತಾಯಿ, ಹರಿತವಾಗೈತೆ. ನಿಮ್ದು ಮರಿ. ಮಸುಕ್ ಮಸುಕಾಗೈತೆ, ಒಂಚೂರು ಸಣ್ಣದೂ ಐತೆ. ನಮ್ಮತ್ತೆ ಹೇಳೋರು, ಅವ್ರ್ ಕಾಲ್ದಾಗೆ ಕೊಂಡಿ ಕಿತ್ತೋಗಿ ಮಧುಗಿರಿ ಆಚಾರಿ ತಾವ ಕೊಟ್ಟಿದ್ರಂತೆ. ಒಂದ್ ಕೊಂಡಿ ಹಾಕಕ್ಕೆ ಆವಯ್ಯ ಎಂಟು ದಿನ ಇಟ್ಕಂಡಿದ್ನಂತೆ!"

ಎಂಟು ದಿನ! ಅಚ್ಚು ತೆಗೆದು ಎರಕ ಹೊಯ್ಯಲು ಒಂದು ದಿನ ಸಾಕು. ಉಳಿದ ಏಳು ದಿನ ಆ ಆಚಾರಿ ಎಷ್ಟು ಟೈಬೀರಿಯಸ್ಸರನ್ನು ಹೆತ್ತನೋ, ನಾಲ್ಕು ತಾಲ್ಲೂಕಿನಲ್ಲಿ ಎಷ್ಟು ಅಜ್ಜಿಯರ ಕೊರಳಲ್ಲಿ ಅವರು ಮುನಿಸಿಕೊಂಡು ಕೂತಿದ್ದಾರೋ! ಇನ್ನೊಬ್ಬರ ಕಥೆಯಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೆ ಆಹ್ವಾನ ಪತ್ರಿಕೆಯ ದಪ್ಪ ಅಕ್ಷರ ಕಣ್ಣ ಮುಂದೆ ಬಂತು. ಅಪ್ಪಟ ರೋಮನ್ ಬೆಳ್ಳಿ ನಾಣ್ಯ. ಇನ್ನು ಎರಡು ದಿನ.

ಯಾವತ್ತೂ ಮಾಡದ್ದನ್ನು ಅವತ್ತು ಮಾಡಿದೆ. ಅವಳ ಕಾಸನ್ನು ಚಪ್ಪಡಿಯ ಮೇಲೆ ಬೀಳಿಸಿದೆ. ಟಿಣ್ ಎಂದು ಇಡೀ ರೊಪ್ಪಕ್ಕೆ ಕೇಳುವಂತೆ ಹಾಡಿತು. ಅಜ್ಜಿಯದನ್ನು ಬೀಳಿಸಿದೆ. ಟಪ್. ಮಣ್ಣಿನ ಹೆಂಟೆ ಬಿದ್ದ ಸದ್ದು. ಯಾವುದೋ ಮೆತ್ತನೆಯ ಅಗ್ಗದ ಲೋಹಕ್ಕೆ ಬೆಳ್ಳಿ ಗಿಲೀಟು.

"ನನ್ನದರಲ್ಲಿ ಎರಡು ಗುಳಿ ಇವೆಯಲ್ಲ, ನಿನ್ನದರಲ್ಲಿ ಇಲ್ಲ," ಎಂದು ಕೊನೆಯ ಆಸೆಯಿಂದ ಹೇಳಿದೆ.

"ತಾಯಿಗಿಲ್ದಿದ್ದು ಮರೀಗ್ ಬಂದಿದ್ರೆ, ಹುಟ್ಟಿದ್ಮ್ಯಾಕೆ ಬಂದಿರೋದು," ಎಂದಳು. ಅಲ್ಲಿಗೆ ರೋಮಿನ ಎಡಗೈ ಚಿನಿವಾರನೂ ತೀರಿಕೊಂಡ.

ನನ್ನ ಮುಖ ನೋಡಿ ಜುಂಜಮ್ಮನಿಗೆ ಪಾಪ ಎನಿಸಿರಬೇಕು. ಪ್ರದರ್ಶನದ ವಿಷಯ ಕೇಳಿ ತಿಳಿದುಕೊಂಡು, ದಾರ ಬಿಚ್ಚಿ ತನ್ನ ಕಾಸನ್ನೇ ನನ್ನ ಕೈಗೆ ಕೊಟ್ಟಳು. "ತಾಯೀನ ತಗಂಡೋಗಿ. ಮರಿ ಇಲ್ಲೇ ಇರ್ಲಿ. ತೋರ್ಸಿ ಆದ್ಮ್ಯಾಕೆ ತಂದ್ಕೊಡಿ."

"ಅವ್ವಾ, ಇದು ಅಸಲಿ ಕಣವ್ವಾ. ಬಹಳ ಬೆಲೆ ಬಾಳ್ತದೆ."

"ಮಾರೋರಿಗಲ್ವಾ ಬೆಲೆ? ಮಡೀಕಳಿ."

ಬೇಡವೆನ್ನಬೇಕಿತ್ತು. ಎನ್ನಲಿಲ್ಲ. ಅದನ್ನು ಅಜ್ಜಿಯದೆಂದೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೋಸು ಕೊಡುವುದೆಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಗುಳಿಗಳೆಲ್ಲಿ ಎಂದು ಯಾರಾದರೂ ಕೇಳಿದರೆ ಲೇಖನದ ಫೋಟೋದಲ್ಲಿ ನೆರಳು ಬಿದ್ದಿತ್ತು ಎನ್ನುವುದು. ಸುಳ್ಳು ಎಷ್ಟು ಸಲೀಸಾಗಿ ಜೋಡಣೆಯಾಯಿತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಮಾತ್ರ ಮಧುಗಿರಿಯವರೆಗೂ ಬೈಕಿನ ಮೇಲೆ ಹಾಡಿಕೊಂಡು ಬಂದೆ. ಜೇಬಿನಲ್ಲಿ ನಿಜವಾದ ಟೈಬೀರಿಯಸ್! ಎದುರಿಗೆ ಬಂದ ಟ್ರ್ಯಾಕ್ಟರಿನವನಿಗೂ ಕೈಬೀಸಿದೆ.

ಮನೆಯ ಜಗಲಿಯ ಮೇಲೆ ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು. ಸಂಭ್ರಮ ತಡೆಯಲಾರದೆ ಕಾಸನ್ನು ಅವಳ ಕೈಗೆ ಕೊಟ್ಟೆ. ಅವ್ವನಿಗೆ ಕಣ್ಣು ಅಷ್ಟಕ್ಕಷ್ಟೇ. ಹೆಬ್ಬೆರಳಿನಿಂದ ಒಂದು ಸಲ ಸವರಿದಳು.

"ಇದ್ಯಾರ ಮನೇದ್ಲಾ?"

"ಅಜ್ಜಿದು ಕಣವ್ವಾ."

"ನಮ್ಮವ್ವಂದು ನಂಗೊತ್ತಿಲ್ವಾ? ಇದ್ರಾಗೆ ನಿನ್ ಹಲ್ಲೇ ಇಲ್ವಲ್ಲೋ."

"ಯಾವ ಹಲ್ಲು?"

"ನಿಂಗೆ ಹಲ್ ಬರೋವಾಗ ರಚ್ಚೆ ಹಿಡೀತಿದ್ದೆ. ನಮ್ಮವ್ವ ಎದೆ ಮ್ಯಾಲೆ ಮಲಗಿಸ್ಕಂಡ್ರೆ ಆ ಕಾಸು ಬಾಯಿಗಾಕ್ಕಂಡು ಕಟಕಟ ಅಂತ ಕಡೀತಿದ್ದೆ. ಕೆಳಗೆರಡು ಹಲ್ಲು ಬಂದಿದ್ವು, ಅವೆರಡೂ ಮೂಡ್ಬುಟ್ಟಿದ್ವು. ಬ್ಯಾಡ ಕಣವ್ವಾ ಬಿಚ್ಚಿಡು ಅಂದ್ರೆ ನಮ್ಮವ್ವ ಕೇಳ್ತಿರ್ಲಿಲ್ಲ. ಕಡೀಲಿ ಬುಡು, ನನ್ ಕೂಸಿನ್ ಗುರುತಿರ್ತದೆ ಅನ್ನೋಳು."

ನಾನು ಜಗಲಿಯ ಮೇಲೆ ಕೂತೆ. ಮೊದಲು ನಗು ಬಂತು. ನಾಲ್ಕು ಪುಟ ಬರೆದಿದ್ದೆನಲ್ಲ! ಹೊಡೆತದ ಕೋನ, ಉಳಿಯ ಅಗಲ, ಅಡಿಟಿಪ್ಪಣಿ! ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ಬೇರೆಯದೇ ನೀರಾಯಿತು. ನಾನು ಅಜ್ಜಿಯನ್ನು ಕಳ್ಳಂಬೆಳ್ಳದಲ್ಲಿ ಬಿಟ್ಟು ಚಕ್ರವರ್ತಿಯನ್ನು ಕರೆದುಕೊಂಡು ಬಂದಿದ್ದೆ.

ಭಾನುವಾರ ಬೆಳಿಗ್ಗೆ ಆರಕ್ಕೇ ಜುಂಜಮ್ಮನ ರೊಪ್ಪದ ಮುಂದಿದ್ದೆ. ಅವಳ ಕಾಸು ಅವಳಿಗೆ ಕೊಟ್ಟು, ನನ್ನದು ಕೊಡವ್ವಾ ಎಂದೆ. ಯಾಕೆ ಏನು ಎಂದು ಕೇಳಿಸಿಕೊಂಡವಳು, "ನಾನೂ ಬತ್ತೀನಿ ನಡೀರಿ," ಎಂದಳು. ಕುರಿಗಳನ್ನು ಸೊಸೆಗೆ ಒಪ್ಪಿಸಿ, ಹೊಸ ಸೀರೆ ಉಟ್ಟು, ಕಾಸನ್ನು ರವಿಕೆಯ ಹೊರಗೆ ಎಲ್ಲರಿಗೂ ಕಾಣುವಂತೆ ಬಿಟ್ಟುಕೊಂಡು ಬಸ್ಸು ಹತ್ತಿದಳು.

ತುಮಕೂರಿನ ಸಭಾಂಗಣದಲ್ಲಿ ಅಧ್ಯಕ್ಷರಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಾಗಾದರೆ ಆ ತಾಯಿಯವರ ನಾಣ್ಯವನ್ನಾದರೂ ಪೆಟ್ಟಿಗೆಯಲ್ಲಿಡೋಣ ಎಂದರು.

"ಬಿಚ್ಚಲ್ಲ ಕಣಪ್ಪಾ," ಎಂದಳು ಜುಂಜಮ್ಮ. "ಡಾಕ್ಟ್ರಿಗ್ ಕೊಟ್ಟೆ, ನಮ್ ಕುರೀಗೆ ಸೂಜಿ ಹಾಕ್ತಾರೆ. ನೀನ್ ಏನ್ ಹಾಕಿದ್ದೀಯ? ಬೇಕಾದ್ರೆ ಇಲ್ಲೇ ನಿಂತ್ಕತೀನಿ, ನೋಡ್ಕಳಿ."

ನಿಂತೇಬಿಟ್ಟಳು. ಅಷ್ಟು ದೊಡ್ಡ ಸಭಾಂಗಣದಲ್ಲಿ ಎಲ್ಲ ರಾಜರೂ ಗಾಜಿನ ಕೆಳಗೆ, ಟೈಬೀರಿಯಸ್ ಒಬ್ಬ ಮಾತ್ರ ಜುಂಜಮ್ಮನ ಕೊರಳಲ್ಲಿ. ಜನ ಸಾಲುಗಟ್ಟಿ ಬಂದು ಬಗ್ಗಿ ನೋಡಿ, ಅಭ್ಯಾಸಬಲದಿಂದ ಕೈಮುಗಿದು ಹೋಗುತ್ತಿದ್ದರು. ಪಕ್ಕದ ಮೇಜಿನ ಮೇಲೆ ಅಜ್ಜಿಯ ಕಾಸು ಇಟ್ಟು, ಬೇರೆಯವರ ಹಾಗೆಯೇ ನಾನೂ ಒಂದು ಚೀಟಿ ಬರೆದಿಟ್ಟೆ. 'ಚಕ್ರವರ್ತಿ: ಟೈಬೀರಿಯಸ್. ಟಂಕಸಾಲೆ: ಮಧುಗಿರಿ ಆಚಾರಿಯ ಕುಲುಮೆ. ಲೋಹ: ಕೇಳಬೇಡಿ. ವಿಶೇಷ ಗುರುತು: ಮಾಲೀಕನ ಹಾಲುಹಲ್ಲು, ಎರಡು.'

ಅಧ್ಯಕ್ಷರು ಬಂದು ಚೀಟಿ ಓದಿದರು. ಬಗ್ಗಿ ಲೆನ್ಸ್ ಹಿಡಿದು ಗುಳಿಗಳನ್ನು ಬಹಳ ಹೊತ್ತು ನೋಡಿದರು. ನನ್ನ ಲೇಖನವನ್ನು ಮೆಚ್ಚಿ ಅಚ್ಚು ಹಾಕಿದವರಲ್ಲವೇ, ಅವರಿಗೂ ಮಾನವಿದೆ. "ಇದು ಹಲ್ಲು ಅನ್ನೋದಕ್ಕೆ ಆಧಾರ ಏನು ಸ್ವಾಮಿ?" ಎಂದರು.

ಅಷ್ಟರಲ್ಲಿ ಜುಂಜಮ್ಮ ಮುಂದೆ ಬಂದಳು. ಕುರಿಯ ವಯಸ್ಸು ನೋಡುವಾಗ ಹಿಡಿಯುವ ಹಾಗೆಯೇ ಎಡಗೈಯಲ್ಲಿ ನನ್ನ ಗದ್ದ ಹಿಡಿದು, ಹೆಬ್ಬೆರಳಿನಿಂದ ಕೆಳತುಟಿ ಮಡಿಚಿ, ನನ್ನ ಬಾಯಿಯನ್ನು ಬೆಳಕಿಗೆ ತಿರುಗಿಸಿದಳು. "ಬಂದ್ ನೋಡಪ್ಪಾ."

"ಹಾಲುಹಲ್ಲು ಯಾವತ್ತೋ ಉದುರಿಹೋಗಿರ್ತವಲ್ಲಮ್ಮಾ," ಎಂದರು ಅಧ್ಯಕ್ಷರು.

"ಉದುರ್ಲಿ. ಬಾಯಿ ಅದೇ ಅಲ್ವಾ?"

ಸುತ್ತ ನಿಂತವರೆಲ್ಲ ಘೊಳ್ಳೆಂದರು. ಅಧ್ಯಕ್ಷರೂ ತಡೆಯಲಾರದೆ ನಕ್ಕು, ಲೆನ್ಸ್ ಹಿಡಿದುಕೊಂಡೇ ನನ್ನ ಬಾಯಿಯೊಳಗೆ ಇಣುಕಿದರು. ನನಗೂ ನಗಬೇಕೆನಿಸಿತ್ತು, ಆದರೆ ಜುಂಜಮ್ಮ ಇನ್ನೂ ಗದ್ದ ಬಿಟ್ಟಿರಲಿಲ್ಲ.